ಜಠರದ ಕಿಟಕಿ

ಅಗಸ್ತ್ಯ ಮಹರ್ಷಿಗಳ ಮತ್ತು ವಾತಾಪಿಯ ಕಥೆ ಪುರಾಣಪ್ರಸಿದ್ಧವಾದುದು. ಇಲ್ವಲನೆಂಬ ರಾಕ್ಷಸನು ತನ್ನ ತಮ್ಮನಾದ ವಾತಾಪಿಯನ್ನು ಟಗರಿನ ರೂಪಕ್ಕೆ ತಿರುಗಿಸಿ, ಅಡುಗೆ ಮಾಡಿ, ಅತಿಥಿಗಳಿಗೆ ಬಡಿಸುತ್ತಿದ್ದನು. ಊಟ ಮುಗಿದೊಡನೆ ಅವನು ತಮ್ಮನನ್ನು ಕೂಗಿ ಕರೆಯುವನು. ವಾತಾಪಿಯು ಅತಿಥಿಯ ಹೊಟ್ಟೆಯನ್ನು ಸೀಳಿಕೊಂಡು ಹೊರಬರುವನು. ಅಗಸ್ತ್ಯರು ಮಾತ್ರ ಉಂಡು ಮುಗಿಸಿ, ಹೊಟ್ಟೆಯ ಮೇಲೆ ಕೈಯಾಡಿಸಿ, ವಾತಾಪಿಯು ಜೀರ್ಣವಾಗಲೆಂದು ನುಡಿದರು. ಅಣ್ಣನು ಎಷ್ಟು ಕೂಗಿದರೂ ತಮ್ಮನು ಬರಲಿಲ್ಲ. ಬಾದಾಮಿಗೆ ವಾತಾಪಿಯೆಂಬ ಹಳೆಯ ಹೆಸರಿದೆ. ಅಲ್ಲಿಯ ಕೆರೆಯನ್ನು ಇಂದಿಗೂ ಅಗಸ್ತ್ಯತೀರ್ಥವೆಂದು ಕರೆಯುತ್ತಾರೆ. ಕೂಸಿಗೆ ಉಣಿಸಿದ ತಾಯಿ ಅದರ ಹೊಟ್ಟೆಯನ್ನು ಮೆಲ್ಲನೆ ಸವರುತ್ತ ಈ ಕಥೆಯ ಮಾತನ್ನೇ ಹರಸುವ ರೂಢಿಯೂ ಉಂಟು.

ಕಥೆ ಕಲ್ಪನೆಯದಾದರೂ ಅದರಲ್ಲಿ ಅಡಗಿರುವ ಅನುಭವ ಸತ್ಯವಾದುದು. ಉಂಡ ಆಹಾರ ಜೀರ್ಣವಾದರೆ ಅದು ದೇಹದ ಬಲವಾಗುತ್ತದೆ. ಜೀರ್ಣವಾಗದಿದ್ದರೆ ಉಂಡವನನ್ನೇ ಪೀಡಿಸುತ್ತದೆ. ಹಾಗಾದರೆ ಹೊಟ್ಟೆಯೊಳಗೆ ನಡೆಯುವುದೇನು? ಈ ಪ್ರಶ್ನೆ ಬಹಳ ಹಿಂದಿನಿಂದಲೂ ಜ್ಞಾನಿಗಳನ್ನು ಕಾಡಿತ್ತು. ನಮ್ಮ ಆಯುರ್ವೇದದ ಆಚಾರ್ಯರು ಪಚನಶಕ್ತಿಯನ್ನು ಅಗ್ನಿಗೆ ಹೋಲಿಸಿದರು. ಪಶ್ಚಿಮ ದೇಶಗಳಲ್ಲಿ ಕೆಲವರು ಆಹಾರವು ಹೊಟ್ಟೆಯಲ್ಲಿ ಬೇಯುತ್ತದೆ ಎಂದರು. ಕೆಲವರು ಕೊಳೆಯುತ್ತದೆ ಎಂದರು. ಮತ್ತೆ ಕೆಲವರು ಬೀಸುಕಲ್ಲಿನಲ್ಲಿ ಸಿಕ್ಕ ಕಾಳಿನಂತೆ ಅರೆಯಲ್ಪಡುತ್ತದೆ ಎಂದರು. ಜೀವಂತ ಮನುಷ್ಯನ ಜಠರದೊಳಗೆ ಇಣುಕಿ ನೋಡುವ ಉಪಾಯವಿಲ್ಲದ ಕಾರಣ ವಾದವು ವಾದವಾಗಿಯೇ ಉಳಿದಿತ್ತು. ಕೊನೆಗೆ ಆ ಉಪಾಯವನ್ನು ಒದಗಿಸಿದ್ದು ಒಂದು ಅಪಘಾತ.

ಉತ್ತರ ಅಮೆರಿಕದ ಹ್ಯೂರನ್ ಮತ್ತು ಮಿಷಿಗನ್ ಎಂಬ ಎರಡು ಮಹಾಸರೋವರಗಳು ಕೂಡುವೆಡೆಯಲ್ಲಿ ಮ್ಯಾಕಿನಾ ಎಂಬ ಚಿಕ್ಕ ದ್ವೀಪವಿದೆ. ಆ ಕಾಲದಲ್ಲಿ ಅದು ತುಪ್ಪುಳಿನ ಚರ್ಮದ ವ್ಯಾಪಾರಕ್ಕೆ ಹೆಸರಾದ ಸ್ಥಳವಾಗಿತ್ತು. 1822ನೆಯ ಇಸವಿ ಜೂನ್ 6ರಂದು ಅಲ್ಲಿಯ ಅಂಗಡಿಯೊಂದರಲ್ಲಿ ಬಂದೂಕು ಆಕಸ್ಮಿಕವಾಗಿ ಸಿಡಿಯಿತು. ಹತ್ತಿರದಲ್ಲಿಯೇ ನಿಂತಿದ್ದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೆನಡಾದ ತರುಣನಿಗೆ ಗುಂಡು ತಗುಲಿತು. ದೋಣಿಗಳಲ್ಲಿ ಚರ್ಮದ ಮೂಟೆಗಳನ್ನು ಸಾಗಿಸುವ ಕೂಲಿ ಅವನು. ಎದೆಯ ಎಡಭಾಗದ ಕೆಳಗೆ ದೊಡ್ಡ ಗಾಯವಾಗಿ, ಪಕ್ಕೆಲುಬುಗಳು ಮುರಿದು, ಜಠರವೂ ತೂತಾಗಿತ್ತು. ದ್ವೀಪದ ಕೋಟೆಯಲ್ಲಿದ್ದ ಸೇನಾವೈದ್ಯ ವಿಲಿಯಂ ಬೋಮಾಂಟನು ಓಡಿಬಂದು ಚಿಕಿತ್ಸೆ ಮಾಡಿದನು. ಈತನು ಬದುಕಲಾರನೆಂದೇ ಆ ವೈದ್ಯನು ಭಾವಿಸಿದ್ದನು. ಆದರೆ ಅಲೆಕ್ಸಿಸನು ಬದುಕಿಕೊಂಡನು. ತಿಂಗಳುಗಟ್ಟಲೆ ನಡೆದ ಆರೈಕೆಯಿಂದ ಗಾಯ ಮಾಯಿತು. ಜಠರದ ತೂತು ಮಾತ್ರ ಮುಚ್ಚಿಕೊಳ್ಳಲಿಲ್ಲ. ಜಠರದ ಅಂಚು ಹೊರಚರ್ಮದ ಅಂಚಿಗೆ ಕೂಡಿಕೊಂಡು, ಪಕ್ಕೆಯಲ್ಲಿ ಶಾಶ್ವತವಾದ ಒಂದು ರಂಧ್ರ ಉಳಿಯಿತು. ಒಳಗಿನ ಪದರದ ಮಡಿಕೆಯೊಂದು ಕಿಟಕಿಯ ಕದದಂತೆ ಅದನ್ನು ಮುಚ್ಚುತ್ತಿತ್ತು. ಬೆರಳಿನಿಂದ ಒತ್ತಿದರೆ ಜಠರದ ಒಳಭಾಗ ಕಾಣುತ್ತಿತ್ತು.

ಇಂತಹ ಅವಕಾಶ ಮತ್ತೊಬ್ಬರಿಗೆ ದೊರೆಯಲಾರದೆಂಬುದನ್ನು ಬೋಮಾಂಟನು ಅರಿತನು. 1825ರಲ್ಲಿ ಅವನು ತನ್ನ ಪ್ರಯೋಗಗಳನ್ನು ಆರಂಭಿಸಿದನು. ಮಾಂಸ, ಬ್ರೆಡ್ಡು, ಹಸಿ ಎಲೆಕೋಸು ಮುಂತಾದವುಗಳ ತುಣುಕುಗಳನ್ನು ರೇಷ್ಮೆಯ ದಾರಕ್ಕೆ ಕಟ್ಟಿ ಆ ರಂಧ್ರದ ಮೂಲಕ ಜಠರದೊಳಕ್ಕೆ ಇಳಿಬಿಟ್ಟನು. ಅಲೆಕ್ಸಿಸನು ಮನೆಯ ಕೆಲಸಗಳಲ್ಲಿ ತೊಡಗಿದನು. ಗಂಟೆಗೊಮ್ಮೆ ದಾರವನ್ನು ಎಳೆದು ನೋಡಲು, ಮೊದಲ ಗಂಟೆಯಲ್ಲಿಯೇ ಎಲೆಕೋಸು ಮತ್ತು ಬ್ರೆಡ್ಡು ಅರ್ಧದಷ್ಟು ಕರಗಿದ್ದವು. ಮಾಂಸವು ಇದ್ದಂತೆಯೇ ಇತ್ತು. ಮತ್ತೊಂದು ಸಲ ಬೋಮಾಂಟನು ಜಠರದಿಂದ ರಸವನ್ನು ಸೀಸೆಗೆ ತೆಗೆದುಕೊಂಡು, ದೇಹದಷ್ಟೇ ಬಿಸಿಯಲ್ಲಿಟ್ಟು, ಅದರಲ್ಲಿ ಮಾಂಸದ ತುಣುಕನ್ನು ಹಾಕಿದನು. ನಿಧಾನವಾಗಿಯಾದರೂ ಅದು ಸೀಸೆಯಲ್ಲಿಯೂ ಕರಗಿತು. ಪಚನವು ಕೇವಲ ಅರೆಯುವ ಕೆಲಸವಲ್ಲ, ಕೊಳೆಯುವ ಕ್ರಿಯೆಯಂತೂ ಅಲ್ಲ, ಅದು ಒಂದು ರಸದ ಕೆಲಸವೆಂಬುದು ಇದರಿಂದ ಸ್ಪಷ್ಟವಾಯಿತು. ಆ ರಸದಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿರುವುದನ್ನು ರಸಾಯನಶಾಸ್ತ್ರಜ್ಞರು ಪರೀಕ್ಷಿಸಿ ತಿಳಿಸಿದರು. ಅದರಲ್ಲಿರುವ ಪೆಪ್ಸಿನ್ ಎಂಬ ವಸ್ತುವನ್ನು 1836ರಲ್ಲಿ ಜರ್ಮನಿಯ ಥಿಯೋಡೋರ್ ಶ್ವಾನ್ ಎಂಬ ವಿಜ್ಞಾನಿ ಕಂಡುಹಿಡಿದನು. 200ಕ್ಕೂ ಹೆಚ್ಚು ಪ್ರಯೋಗಗಳ ವಿವರಗಳನ್ನೊಳಗೊಂಡ ಬೋಮಾಂಟನ ಗ್ರಂಥವು 1833ರಲ್ಲಿ ಪ್ರಕಟವಾಯಿತು.

ಅಜೀರ್ಣದಿಂದ ಬಳಲುವವರಿಗೆ ಆ ಗ್ರಂಥದಲ್ಲಿ ಮುಖ್ಯವಾದ ಕೆಲವು ಸಂಗತಿಗಳಿವೆ. ಆಹಾರವು ಸಣ್ಣ ಸಣ್ಣ ಚೂರುಗಳಾದಷ್ಟೂ ಬೇಗ ಕರಗುತ್ತದೆ. ಕೊಬ್ಬು ಮತ್ತು ಎಣ್ಣೆಯ ಅಂಶ ಹೆಚ್ಚಿದಷ್ಟೂ ತಡವಾಗುತ್ತದೆ. ಬೇಯಿಸಿದ ಅಕ್ಕಿಯ ಅನ್ನವು ಒಂದು ಗಂಟೆಯಲ್ಲಿ ಜಠರವನ್ನು ದಾಟಿದರೆ, ಕೊಬ್ಬಿನಿಂದ ಕೂಡಿದ ಹಂದಿಯ ಮಾಂಸಕ್ಕೆ ಐದು ಗಂಟೆಗೂ ಮಿಕ್ಕಿದ ಕಾಲ ಬೇಕಾಯಿತು. ಹಿತಮಿತವಾದ ನಡಿಗೆಯಿಂದ ಪಚನಕ್ಕೆ ಸಹಾಯವಾಗುತ್ತದೆ; ಮೈಮುರಿಯುವ ದುಡಿಮೆಯಿಂದ ಅಡ್ಡಿಯಾಗುತ್ತದೆ. ಸಾಮಾನ್ಯವಾಗಿ ಜನರು ದೇಹಕ್ಕೆ ಬೇಕಾದುದಕ್ಕಿಂತ ಹೆಚ್ಚು ತಿನ್ನುತ್ತಾರೆ. ಅಲೆಕ್ಸಿಸನು ಕೋಪಗೊಂಡಾಗ ಜಠರದ ಒಳಪದರದ ಬಣ್ಣವೇ ಬದಲಾಗುತ್ತಿತ್ತು, ಪಚನವೂ ಕೆಡುತ್ತಿತ್ತು.

ಇವೆಲ್ಲಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯೂ ಬೋಮಾಂಟನ ಕಣ್ಣಿಗೆ ಬಿದ್ದಿತು. ಮಿತಿಮೀರಿ ತಿಂದ ಅಥವಾ ಮದ್ಯವನ್ನು ಕುಡಿದ ದಿನಗಳಲ್ಲಿ ಜಠರದ ಒಳಪದರದಲ್ಲಿ ಕೆಂಪು ಕಲೆಗಳೂ ಉರಿಯೂತವೂ ಕಂಡುಬರುತ್ತಿದ್ದವು. ಎಷ್ಟೋ ಸಲ ಅಲೆಕ್ಸಿಸನಿಗೆ ಅದರ ಅರಿವೇ ಇರುತ್ತಿರಲಿಲ್ಲ. ನೋವಿಲ್ಲ, ಸಂಕಟವಿಲ್ಲ, ಹಸಿವೂ ಎಂದಿನಂತೆಯೇ ಇರುತ್ತಿತ್ತು. ಜಠರವು ಮೊದಲು ಮೌನವಾಗಿ ಸಹಿಸುತ್ತದೆ. ದೂರು ಹೇಳುವುದು ಆಮೇಲೆ. ಹೊಟ್ಟೆನೋವು ಬಂದ ದಿನದ ಊಟವನ್ನು ಮಾತ್ರ ಹಳಿಯುವುದು ಆದ್ದರಿಂದ ಸರಿಯಾಗಲಾರದು. ತಪ್ಪು ಬಹುದಿನಗಳ ರೂಢಿಯಲ್ಲಿರಬಹುದು.

ಈ ಜ್ಞಾನಕ್ಕಾಗಿ ತೆತ್ತ ಬೆಲೆಯನ್ನೂ ಮರೆಯುವಂತಿಲ್ಲ. ಓದುಬರಹ ಬಾರದ ಬಡವ ಅಲೆಕ್ಸಿಸನು. ಜಠರದೊಳಕ್ಕೆ ದಾರ ಬಿಡುವಾಗ, ರಸವನ್ನು ಹೀರುವಾಗ ಅವನಿಗೆ ಸಂಕಟವೂ ತಲೆಸುತ್ತೂ ಆಗುತ್ತಿದ್ದವು. 1825ರಲ್ಲಿಯೇ ಅವನು ವೈದ್ಯನಿಗೆ ಹೇಳದೆ ತನ್ನ ನಾಡಿಗೆ ಹೊರಟುಹೋದನು. ಅಲ್ಲಿ ಮದುವೆಯಾಗಿ ಸಂಸಾರ ಹೂಡಿದನು. ಬಡತನವು ಅವನನ್ನು ಮತ್ತೆ ಬೋಮಾಂಟನ ಬಳಿಗೆ ತಂದಿತು. ಹಣ, ಊಟ, ವಸತಿಗಳಿಗೆ ಪ್ರತಿಯಾಗಿ ಪ್ರಯೋಗಗಳಿಗೆ ಒಳಪಡುವುದಾಗಿ 1832ರಲ್ಲಿ ಅವನಿಂದ ಕರಾರು ಬರೆಸಿಕೊಳ್ಳಲಾಯಿತು. 1834ರಲ್ಲಿ ಊರಿಗೆ ಮರಳಿದವನು ಬೋಮಾಂಟನು ಎಷ್ಟು ಕರೆದರೂ ಮತ್ತೆ ಬರಲಿಲ್ಲ. ಬೋಮಾಂಟನು 1853ರಲ್ಲಿ ತೀರಿಕೊಂಡನು. ಪಕ್ಕೆಯಲ್ಲಿ ರಂಧ್ರವನ್ನು ಹೊತ್ತೇ ಅಲೆಕ್ಸಿಸನು 1880ರವರೆಗೆ ಬಾಳಿದನು. ಅವನ ದೇಹವು ವೈದ್ಯರ ಕೈಗೆ ಸಿಕ್ಕದಿರಲೆಂದು ಕುಟುಂಬದವರು ಶವವನ್ನು ಕೆಲವು ದಿನ ಕೆಡಲು ಬಿಟ್ಟು, ಅನಂತರ ಆಳವಾದ ಕುಣಿಯಲ್ಲಿ ಹೂಳಿದರು. ಬಾಳಿದ್ದಾಗ ಸಿಗದ ನೆಮ್ಮದಿ ಸತ್ತ ಮೇಲಾದರೂ ಅವನಿಗೆ ಸಿಗಲೆಂಬುದು ಅವರ ಹಂಬಲವಾಗಿದ್ದಿರಬಹುದು. ಒಬ್ಬ ಮನುಷ್ಯನ ಕಷ್ಟದಿಂದ ಲೋಕಕ್ಕೆ ದೊರೆತ ಈ ತಿಳಿವಳಿಕೆಯನ್ನು ಅಲಕ್ಷಿಸುವುದು ಆ ಕಷ್ಟಕ್ಕೆ ಮಾಡುವ ಅವಮಾನವೇ ಸರಿ.

ಇಂದಿನ ವಿಜ್ಞಾನವು ಬೋಮಾಂಟನು ಕಂಡುದನ್ನು ಇನ್ನಷ್ಟು ವಿಶದಪಡಿಸಿದೆ. ಪಚನವು ಆರಂಭವಾಗುವುದು ಹೊಟ್ಟೆಯಲ್ಲಲ್ಲ, ಬಾಯಿಯಲ್ಲಿ. ಹಲ್ಲುಗಳು ತುತ್ತನ್ನು ನುರಿಸುವಾಗ ಜೊಲ್ಲಿನಲ್ಲಿರುವ ಕಿಣ್ವವು ಪಿಷ್ಟವನ್ನು ಸಕ್ಕರೆಯಾಗಿ ಒಡೆಯತೊಡಗುತ್ತದೆ. ಒಣ ರೊಟ್ಟಿಯ ಚೂರನ್ನು ಬಹಳ ಹೊತ್ತು ಅಗಿದರೆ ಅದು ಸಿಹಿಯಾಗುವುದು ಇದರಿಂದಲೇ. ಅನ್ನನಾಳದ ಮೂಲಕ ಇಳಿದ ಆಹಾರವನ್ನು ಜಠರವು ಆಮ್ಲದೊಡನೆ ಕಲಸುತ್ತದೆ. ಪೆಪ್ಸಿನ್ ಸಸಾರಜನಕ ಪದಾರ್ಥಗಳನ್ನು ಒಡೆಯುತ್ತದೆ. ಇಂತಹ ಆಮ್ಲವು ಜಠರವನ್ನೇ ಸುಡದಂತೆ ಲೋಳೆಯ ಒಂದು ಪದರವು ಅದನ್ನು ಕಾಪಾಡುತ್ತದೆ. ಗಂಜಿಯಂತಾದ ಆಹಾರ ಸ್ವಲ್ಪಸ್ವಲ್ಪವಾಗಿ ಸಣ್ಣ ಕರುಳಿಗೆ ಸೇರುತ್ತದೆ. ಸುಮಾರು 6 ಮೀಟರುಗಳಷ್ಟು ಉದ್ದವಾದ ಈ ಕರುಳಿನಲ್ಲಿ ಪಿತ್ತರಸವೂ ಮೇದೋಜೀರಕ ಗ್ರಂಥಿಯ ರಸವೂ ಸೇರಿ ಪಚನವನ್ನು ಪೂರ್ಣಗೊಳಿಸುತ್ತವೆ. ಸಾರವು ರಕ್ತಕ್ಕೆ ಸೇರುತ್ತದೆ. ಈ ಇಡೀ ಕಾರ್ಯದಲ್ಲಿ ಮನುಷ್ಯನ ಇಚ್ಛೆಗೆ ಒಳಪಟ್ಟಿರುವುದು ಬಾಯಿಯೊಂದೇ. ಏನನ್ನು, ಎಷ್ಟನ್ನು, ಯಾವಾಗ, ಹೇಗೆ ಎಂಬ ನಾಲ್ಕು ನಿರ್ಧಾರಗಳು ಅಲ್ಲಿಯೇ ನಡೆದುಹೋಗುತ್ತವೆ.

ಮೇಲುಹೊಟ್ಟೆಯಲ್ಲಿ ನೋವು ಅಥವಾ ಉರಿ, ಊಟದ ಬಳಿಕ ಬಹಳ ಹೊತ್ತು ಉಳಿಯುವ ಭಾರ, ಬೇಗನೆ ಹೊಟ್ಟೆ ತುಂಬಿದಂತಾಗುವುದು, ತೇಗು, ಉಬ್ಬರ, ವಾಕರಿಕೆ ಇವೇ ಅಜೀರ್ಣದ ಲಕ್ಷಣಗಳು. ಪರೀಕ್ಷೆಯಲ್ಲಿ ಯಾವ ಹುಣ್ಣೂ ಕಾಣದೆ ಇವುಗಳಿಂದ ಬಳಲುವವರೇ ಹೆಚ್ಚು. ಅಂತಹವರಲ್ಲಿ ಹಲವರಿಗೆ ಊಟದ ರೀತಿಯನ್ನು ತಿದ್ದಿಕೊಂಡರೆ ಉಪಶಮನ ದೊರೆಯುತ್ತದೆ.

ತಿದ್ದಿಕೊಳ್ಳಬೇಕಾದುದರಲ್ಲಿ ಮೊದಲನೆಯದು ಆತುರ. ಬೆಳಗಿನ ಗಂಟೆ ಬಾರಿಸುವ ಮುನ್ನ ಶಾಲೆಯನ್ನು ಸೇರಬೇಕೆಂದು ನಾಲ್ಕು ಇಡ್ಲಿಗಳನ್ನು ನಾಲ್ಕು ನಿಮಿಷಗಳಲ್ಲಿ ನುಂಗುವ ಹುಡುಗನು ಹಲ್ಲಿನ ಕೆಲಸವನ್ನು ಜಠರದ ಮೇಲೆ ಹೊರಿಸುತ್ತಾನೆ. ತುತ್ತಿನೊಡನೆ ಗಾಳಿಯನ್ನೂ ನುಂಗುತ್ತಾನೆ. ಹೊಟ್ಟೆ ತುಂಬಿತೆಂಬ ಸಂದೇಶವು ಮಿದುಳನ್ನು ಚೆನ್ನಾಗಿ ಮುಟ್ಟಲು ಸುಮಾರು ಇಪ್ಪತ್ತು ನಿಮಿಷ ಬೇಕು. ಅವಸರದಿಂದ ಉಣ್ಣುವವನು ಆ ಸಂದೇಶ ಬರುವ ಮೊದಲೇ ಮಿತಿಯನ್ನು ದಾಟಿರುತ್ತಾನೆ.

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಹಳೆಯ ಮೈಸೂರು ಸೀಮೆಯಲ್ಲಿ ರಾಗಿಯ ಮುದ್ದೆಯನ್ನು ಅಗಿಯದೆ ನುಂಗುವ ರೂಢಿಯಿದೆಯಲ್ಲ! ಆ ರೈತರಿಗೆ ಅಜೀರ್ಣವಾಗದೆ? ಮುದ್ದೆಗೆ ಸೇರುವ ರಾಗಿಯು ಬೀಸುವ ಕಲ್ಲಿನಲ್ಲಿ ಆಗಲೇ ನುಣ್ಣಗಾಗಿರುತ್ತದೆ. ಕುದಿಯುವ ನೀರಿನಲ್ಲಿ ಚೆನ್ನಾಗಿ ಬೆಂದಿರುತ್ತದೆ. ಹಲ್ಲು ಮಾಡಬೇಕಾದ ಕೆಲಸದ ಬಹುಭಾಗವನ್ನು ಕಲ್ಲೂ ಬೆಂಕಿಯೂ ಮಾಡಿರುತ್ತವೆ. ಆದರೆ ಮುದ್ದೆಯೊಡನೆ ಬರುವ ಅವರೆಕಾಳನ್ನೂ ಸೊಪ್ಪನ್ನೂ ಹಾಗೆಯೇ ನುಂಗಿದರೆ ಜಠರವು ಆಕ್ಷೇಪಿಸದೆ ಬಿಡದು.

ಎರಡನೆಯದು ಮಿತಿ. ಹೊಟ್ಟೆಯ ಎರಡು ಭಾಗವನ್ನು ಅನ್ನದಿಂದಲೂ ಒಂದು ಭಾಗವನ್ನು ಪಾನೀಯದಿಂದಲೂ ತುಂಬಿ, ನಾಲ್ಕನೆಯ ಭಾಗವನ್ನು ವಾಯುಸಂಚಾರಕ್ಕೆ ಬಿಡಬೇಕೆಂಬುದು ಅಷ್ಟಾಂಗಹೃದಯವನ್ನು ರಚಿಸಿದ ವಾಗ್ಭಟನ ಸಲಹೆ. ಅಳತೆಯ ಕೋಲಿನಿಂದ ಅಳೆಯಲಾಗದಿದ್ದರೂ ಇದರ ಆಶಯ ಸ್ಪಷ್ಟವಾಗಿದೆ. ಕಲಸಲು ಜಾಗವಿಲ್ಲದಷ್ಟು ತುಂಬಿದ ಪಾತ್ರೆಯಲ್ಲಿ ಯಾವುದೂ ಕಲೆಯದು. ಮದುವೆಯ ಪಂಕ್ತಿಯಲ್ಲಿ ಬೇಡವೆಂದರೂ ಬಿಡದೆ ಬಡಿಸುವುದು ಪ್ರೀತಿಯ ಕುರುಹೆಂದು ನಮ್ಮ ಜನ ಭಾವಿಸುತ್ತಾರೆ. ಎಲೆಯ ಮೇಲೆ ಕೈ ಅಡ್ಡ ಹಿಡಿದು ಸಾಕೆನ್ನುವ ಅತಿಥಿಯ ಮಾತನ್ನು ಮನ್ನಿಸುವುದು ಅದಕ್ಕಿಂತ ದೊಡ್ಡ ಪ್ರೀತಿ.

ಮೂರನೆಯದು ಕಾಲ. ಹಗಲೆಲ್ಲ ಉಪವಾಸವಿದ್ದು ರಾತ್ರಿ ಎಲ್ಲವನ್ನೂ ಒಮ್ಮೆಲೆ ಉಣ್ಣುವುದಕ್ಕಿಂತ ನಿಯತಕಾಲದಲ್ಲಿ ಸ್ವಲ್ಪಸ್ವಲ್ಪ ಉಣ್ಣುವುದು ಹಿತ. ಉಂಡೊಡನೆ ಮಲಗಿದರೆ ಜಠರದ ಆಮ್ಲವು ಅನ್ನನಾಳಕ್ಕೆ ಸುಲಭವಾಗಿ ಹಿಂದಿರುಗಿ ಎದೆಯುರಿಯನ್ನುಂಟುಮಾಡುತ್ತದೆ. ರಾತ್ರಿಯ ಊಟಕ್ಕೂ ನಿದ್ರೆಗೂ ನಡುವೆ ಎರಡು ಮೂರು ಗಂಟೆಗಳ ಅಂತರವಿರಬೇಕು. ಹೊಲದಿಂದ ತಡವಾಗಿ ಬರುವವರು ಇರುಳಿನ ಊಟವನ್ನು ಹಗುರಗೊಳಿಸಿ, ಹಗಲಿನ ಊಟವನ್ನು ಬಲಪಡಿಸಿಕೊಳ್ಳಬಹುದು.

ನಾಲ್ಕನೆಯದು ಆಹಾರದ ಆಯ್ಕೆ. ಕರಿದ ತಿಂಡಿಗಳು ಜಠರದಲ್ಲಿ ಬಹಳ ಹೊತ್ತು ನಿಲ್ಲುತ್ತವೆ. ಅತಿಯಾದ ಖಾರ, ಕಾಫಿ, ಗುಳ್ಳೆಯೇಳುವ ತಂಪು ಪಾನೀಯಗಳು ಹಲವರಿಗೆ ಒಗ್ಗುವುದಿಲ್ಲ. ಕಾಳುಗಳನ್ನು ನೆನೆಸಿ, ಆ ನೀರನ್ನು ಚೆಲ್ಲಿ, ಮೆತ್ತಗೆ ಬೇಯಿಸಿದರೆ ವಾಯುವಿನ ಬಾಧೆ ತಗ್ಗುತ್ತದೆ. ಹಾಲಿನ ಸಕ್ಕರೆಯನ್ನು ಅರಗಿಸಲಾರದವರಿಗೆ ಮೊಸರು ಮತ್ತು ಮಜ್ಜಿಗೆ ಹಾಲಿಗಿಂತ ಚೆನ್ನಾಗಿ ಒಗ್ಗುತ್ತವೆ. ಹುಳಿಯುವಾಗ ಸೂಕ್ಷ್ಮಜೀವಿಗಳು ಆ ಸಕ್ಕರೆಯ ಒಂದು ಭಾಗವನ್ನು ಒಡೆದಿರುತ್ತವೆ. ಆದರೆ ಒಬ್ಬನಿಗೆ ಅಮೃತವಾದುದು ಮತ್ತೊಬ್ಬನಿಗೆ ಬಾಧೆಯಾಗಬಹುದು. ನೆರೆಮನೆಯವರ ಮಾತಿಗೆ ಹೆದರಿ ಒಂದೊಂದೇ ಪದಾರ್ಥವನ್ನು ಬಿಡುತ್ತ ಹೋದವನು ಕೊನೆಗೆ ಪೋಷಣೆಯಿಲ್ಲದೆ ಸೊರಗುವನು. ಕೆಲವು ವಾರಗಳ ಕಾಲ ತಿಂದುದನ್ನೂ ಆದ ತೊಂದರೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ತನಗೆ ಒಗ್ಗದುದು ಯಾವುದೆಂಬುದು ತಾನಾಗಿಯೇ ತಿಳಿಯುತ್ತದೆ. ಬೋಮಾಂಟನ ವಿಧಾನವೂ ಇದೇ ಆಗಿತ್ತು: ನೋಡುವುದು, ಬರೆದಿಡುವುದು, ಹೋಲಿಸುವುದು.

ಐದನೆಯದು ಮನಸ್ಸು. ಭಯ, ಕೋಪ, ಕಳವಳಗಳು ಜಠರದ ಚಲನೆಯನ್ನು ನರಗಳ ಮೂಲಕ ಏರುಪೇರು ಮಾಡುತ್ತವೆ. ಪರೀಕ್ಷೆಯ ಬೆಳಗ್ಗೆ ವಿದ್ಯಾರ್ಥಿಗೆ ಹೊಟ್ಟೆ ತೊಳಸಿದಂತಾಗುವುದು ನಟನೆಯಲ್ಲ. ಊಟದ ಹೊತ್ತಿನಲ್ಲಿಯೇ ಮಕ್ಕಳ ಅಂಕಗಳನ್ನೂ ಮನೆಯ ಸಾಲವನ್ನೂ ಚರ್ಚಿಸುವ ಕುಟುಂಬದಲ್ಲಿ ಅಡುಗೆ ಎಷ್ಟು ರುಚಿಯಾಗಿದ್ದರೂ ಅದು ಮೈಗೆ ಹತ್ತುವುದು ಕಷ್ಟ.

ಹಾಗೆಂದು ಹೊಟ್ಟೆಯ ಎಲ್ಲ ತೊಂದರೆಗಳೂ ಊಟದ ತಪ್ಪಿನಿಂದಲೇ ಬರುತ್ತವೆ ಎನ್ನಲಾಗದು. ಜಠರದ ಹುಣ್ಣಿಗೆ ಖಾರ ಮತ್ತು ಚಿಂತೆಯೇ ಕಾರಣವೆಂದು ವೈದ್ಯರೂ ಬಹುಕಾಲ ನಂಬಿದ್ದರು. 1982ರಲ್ಲಿ ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಎಂಬ ವೈದ್ಯರು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸೂಕ್ಷ್ಮಾಣುವನ್ನು ಜಠರದಿಂದ ಬೇರ್ಪಡಿಸಿ ಬೆಳೆಸಿದರು. ಜನರು ನಂಬದಿದ್ದಾಗ ಮಾರ್ಷಲನು 1984ರಲ್ಲಿ ಆ ಸೂಕ್ಷ್ಮಾಣುಗಳಿರುವ ದ್ರಾವಣವನ್ನು ತಾನೇ ಕುಡಿದು, ಜಠರದ ಉರಿಯೂತವನ್ನು ಬರಿಸಿಕೊಂಡು ತೋರಿಸಿದನು. 2005ರಲ್ಲಿ ಇವರಿಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಇಂತಹ ಹುಣ್ಣು ಪಥ್ಯದಿಂದ ಮಾಯದು. ಅದಕ್ಕೆ ತಕ್ಕ ಔಷಧಿಯೇ ಬೇಕು. ನೋವುನಿವಾರಕ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗುವುದರಿಂದಲೂ ಹುಣ್ಣಾಗುವುದುಂಟು.

ಇನ್ನೊಂದು ಎಚ್ಚರವೂ ಅಗತ್ಯ. ಹೊಟ್ಟೆಯ ಎಲ್ಲ ಸಂಕಟವನ್ನೂ 'ಗ್ಯಾಸ್ಟ್ರಿಕ್' ಎಂಬ ಒಂದೇ ಮಾತಿನಲ್ಲಿ ಮುಗಿಸಿ, ಅಂಗಡಿಯ ಮಾತ್ರೆಯನ್ನೋ ಸೋಡವನ್ನೋ ಸೇವಿಸಿ ಸುಮ್ಮನಾಗುವ ಅಭ್ಯಾಸ ಜನರಲ್ಲಿ ಬೇರೂರಿದೆ. ನುಂಗಲು ಕಷ್ಟವಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಪದೇ ಪದೇ ವಾಂತಿ, ವಾಂತಿಯಲ್ಲಿ ರಕ್ತ, ಮಲವು ಡಾಂಬರಿನಂತೆ ಕಪ್ಪಾಗುವುದು ಇವು ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಮನೆಯ ಹಿರಿಯರಿಗೆ ಬೆವರು ಕಿತ್ತುಬಂದು, ಎದೆಯ ಒತ್ತಡವು ತೋಳಿಗೋ ದವಡೆಗೋ ಹಬ್ಬಿದರೆ ಅದು ವಾಯುವಲ್ಲದೆ ಹೃದಯಾಘಾತವಾಗಿರಬಹುದು. ಆಗ ಜೀರಿಗೆಯ ಕಷಾಯ ಕಾಯಿಸುತ್ತ ಕುಳಿತರೆ ಕಳೆದುಹೋಗುವ ಗಳಿಗೆಗಳು ಪ್ರಾಣಕ್ಕೆ ಸಮಾನವಾದುವು. ಕೂಡಲೇ ಆಸ್ಪತ್ರೆಗೆ ಸಾಗಿಸುವುದೇ ವಿವೇಕ.

ಊಟ ಬಲ್ಲವನಿಗೆ ರೋಗವಿಲ್ಲ ಎಂಬುದು ಕನ್ನಡದ ಹಳೆಯ ಗಾದೆ. ಎಲ್ಲ ರೋಗಗಳಿಗೂ ಅದು ಸಲ್ಲದಿರಬಹುದು. ಆದರೆ ಅದರಲ್ಲಿ 'ಬಲ್ಲವನು' ಎಂಬ ಮಾತು ಮನನಯೋಗ್ಯವಾದುದು. ಉಣ್ಣುವುದು ಪ್ರಾಣಿಗಳೆಲ್ಲಕ್ಕೂ ಗೊತ್ತು. ಉಣ್ಣುವುದನ್ನು ಬಲ್ಲವನಾಗಬೇಕಾದರೆ ತನ್ನ ದೇಹದ ಮಾತಿಗೆ ಕಿವಿಗೊಡಬೇಕು. ಅಲೆಕ್ಸಿಸನ ಜಠರಕ್ಕೆ ಕಿಟಕಿಯಿತ್ತು. ಒಳಗಿನ ಕೆಂಪನ್ನು ಕಂಡು ಹೇಳಲು ವೈದ್ಯನೊಬ್ಬನು ಬಳಿಯಲ್ಲಿದ್ದನು. ಉಳಿದವರ ಜಠರಕ್ಕೆ ಕಿಟಕಿಯಿಲ್ಲ. ಒಂದು ತೇಗು, ಒಂದು ಭಾರ, ಒಂದು ಉರಿ ಇಷ್ಟೇ ಅದರ ಭಾಷೆ. ಆ ಭಾಷೆಯನ್ನು ಎಳೆಯ ವಯಸ್ಸಿನಲ್ಲಿಯೇ ಕಲಿತವರಿಗೆ ಅನ್ನವು ಕೊನೆಯವರೆಗೂ ಅನ್ನವಾಗಿಯೇ ಒದಗುತ್ತದೆ.